ಅರಸರ ಹೆಸರುಗಳೂ ಕವಿಗಳ ಸಾಕ್ಷಿಯೂ

ಓದತಕ್ಕ ಭಾಗಗಳು: ಕೀರ್ತನೆ 90, 2 ಸಮುವೇಲ 1:17-27, ಯೆಶಾಯ 14:4-20, ದಾನಿಯೇಲ 4, ಲೂಕ 1:46-55.
ಬಾಯಿಪಾಠಕ್ಕೆ: ಯೆಶಾಯ 40:8.



ನಮ್ಮ ಹಳ್ಳಿಯ ಸಭೆಗಳಿಂದ ಕೂಲಿಗಾಗಿಯೋ, ಆಸ್ಪತ್ರೆಗಾಗಿಯೋ, ಮಕ್ಕಳ ಓದಿಗಾಗಿಯೋ ಬೆಂಗಳೂರಿನ ದಂಡುಪ್ರದೇಶಕ್ಕೆ ಬಂದುಹೋಗುವವರು ಅನೇಕರಿದ್ದಾರೆ. ದಂಡಿನ ರೈಲು ನಿಲ್ದಾಣದಲ್ಲಿ ಇಳಿದು ಮೂಡಲಾಗಿ ನಡೆದುಹೋದರೆ ಫ್ರೇಜರ್ ಟೌನ್, ರಿಚರ್ಡ್ಸ್ ಟೌನ್, ಕಾಕ್ಸ್ ಟೌನ್, ಕುಕ್ ಟೌನ್ ಎಂಬ ಹೆಸರುಗಳು ಒಂದಾದ ಮೇಲೊಂದು ಕಿವಿಗೆ ಬೀಳುತ್ತವೆ. ಇವೆಲ್ಲಾ ಮನುಷ್ಯರ ಹೆಸರುಗಳು; ಅಧಿಕಾರದಲ್ಲಿದ್ದ ಮನುಷ್ಯರ ಹೆಸರುಗಳು. ಈ ಸಾರಿ ನಾವು ಆ ಹೆಸರುಗಳನ್ನೇ ಪಾಠದ ಬಾಗಿಲಾಗಿ ಮಾಡಿಕೊಂಡು, ಮನುಷ್ಯನ ಅಧಿಕಾರವು ಎಷ್ಟು ಕಾಲ ನಿಲ್ಲುವದೆಂಬದನ್ನು ಕವಿಗಳು ಹೇಗೆ ಕಂಡರು, ದೇವರ ವಾಕ್ಯವು ಅದಕ್ಕೆ ಏನನ್ನು ಕೂಡಿಸುತ್ತದೆ ಎಂಬದನ್ನು ವಿಚಾರಿಸೋಣ.

1. ಬೀದಿಯ ಹಲಗೆಗಳು

1799ರಲ್ಲಿ ಶ್ರೀರಂಗಪಟ್ಟಣವು ಬಿದ್ದಿತು. ಗೆದ್ದವರ ದಂಡು ಅಲ್ಲಿಯೇ ಇಳಿದುಕೊಂಡಿತು. ಆದರೆ ಜ್ವರವು ಅವರನ್ನು ಅಲ್ಲಿ ಇರಗೊಡಿಸಲಿಲ್ಲ. ಟೀಪೂ ಸುಲ್ತಾನನ ಕೋಟೆಯನ್ನು ಒಡೆದವರು ಸೊಳ್ಳೆಯ ಮುಂದೆ ನಿಲ್ಲಲಾರದೆ 1809ರಲ್ಲಿ ಬೆಂಗಳೂರಿನ ಎತ್ತರದ ನೆಲಕ್ಕೆ ಬಂದರು. ದಂಡುಪ್ರದೇಶವು ಹುಟ್ಟಿದ್ದು ಹೀಗೆ. 1881ರಲ್ಲಿ ಮೈಸೂರು ಸೀಮೆಯನ್ನು ಅರಸರಿಗೆ ಹಿಂದಕ್ಕೆ ಕೊಟ್ಟಾಗಲೂ ಈ ಭಾಗವನ್ನು ಆಂಗ್ಲರು ತಮ್ಮ ಕೈಯಲ್ಲಿಯೇ ಇಟ್ಟುಕೊಂಡರು. 1898ರಲ್ಲಿ ಮಹಾಮಾರಿಯಾದ ಪ್ಲೇಗು ಬಂದು, ಇಕ್ಕಟ್ಟಾದ ಕೇರಿಗಳಲ್ಲಿ ಜನರು ಸತ್ತರು. ಆ ಮೇಲೆ ಗಾಳಿಯೂ ಬೆಳಕೂ ಇರುವ ಹೊಸ ಬಡಾವಣೆಗಳನ್ನು ಮಾಡಿ ಅಂದಿನ ಅಧಿಕಾರಿಗಳ ಹೆಸರುಗಳನ್ನು ಅವುಗಳಿಗೆ ಇಟ್ಟರು. ಕುಕ್ ಎಂಬ ಆಂಗ್ಲ ಅಧಿಕಾರಿಯ ಹೆಸರು ಕುಕ್ ಟೌನಿಗೆ ಬಂತು. ನಾಲ್ವಡಿ ಕೃಷ್ಣರಾಜ ಒಡೆಯರಿಗೆ ಬಾಲ್ಯದಲ್ಲಿ ಗುರುವಾಗಿದ್ದು, ಅನಂತರ ಮೈಸೂರಿನ ರೆಸಿಡೆಂಟನಾದ ಸ್ಟುವರ್ಟ್ ಫ್ರೇಜರನ ಹೆಸರು ಪಕ್ಕದ ಬಡಾವಣೆಗೆ ಬಂತು.

ಆ ಕಾಲದಲ್ಲಿ ಇಂಥಾ ಅಧಿಕಾರಿಯ ಬಂಡಿಯು ಬರುವಾಗ ಜನರು ದಾರಿ ಬಿಟ್ಟು ನಿಲ್ಲುತ್ತಿದ್ದರು. 1947ನೆಯ ಇಸವಿ ಜುಲೈ 26ರಂದು ದಂಡುಪ್ರದೇಶವು ಮೈಸೂರು ಸಂಸ್ಥಾನದ ಕೈಗೆ ತಿರುಗಿ ಬಂತು. ಮೂರು ವಾರಗಳೊಳಗೆ ಆ ರಾಜ್ಯಭಾರವೇ ದೇಶವನ್ನು ಬಿಟ್ಟಿತು. ಈಗ ಕುಕ್ ಟೌನಿನಲ್ಲಿ ತರಕಾರಿ ಮಾರುವವನನ್ನು ನಿಲ್ಲಿಸಿ ಕುಕ್ ಎಂಬವನು ಯಾರೆಂದು ಕೇಳಿರಿ, ಅವನು ನಗುವನು. ಫ್ರೇಜರ್ ಟೌನಿಗೆ ಪುಲಕೇಶಿನಗರವೆಂಬ ಹೊಸ ಹೆಸರು ಬಂದಿದೆ. ಕುಕ್ ಟೌನು ಸೇರಿರುವ ವಿಧಾನಸಭಾ ಕ್ಷೇತ್ರಕ್ಕೆ ಸರ್ವಜ್ಞನಗರವೆಂದು ಹೆಸರು. ಸರ್ವಜ್ಞನು ಯಾರು? ಅವನಿಗೆ ಬಂಡಿಯಿರಲಿಲ್ಲ, ಕಚೇರಿಯಿರಲಿಲ್ಲ. ಮೂರು ಸಾಲಿನ ಪದಗಳನ್ನು ಹೇಳುತ್ತಾ ಊರೂರು ತಿರುಗಿದವನೆಂದು ಜನರು ನೆನಸುವ ಕವಿ ಅವನು. ಅಧಿಕಾರಿಯ ಹೆಸರು ಹಲಗೆಯ ಮೇಲೆ ಉಳಿಯಿತು. ಕವಿಯ ಮಾತು ಜನರ ಬಾಯಲ್ಲಿ ಉಳಿಯಿತು.

ಹಲಸೂರು ಕೆರೆಯ ಬಳಿಯಲ್ಲಿಯೂ ಒಬ್ಬ ಕವಿಯಿದ್ದಾನೆ. ತಮಿಳು ಕವಿ ತಿರುವಳ್ಳುವರನ ಪ್ರತಿಮೆಯು 1991ರಲ್ಲಿ ಸಿದ್ಧವಾದರೂ, ಮನುಷ್ಯರ ಜಗಳಗಳ ದೆಸೆಯಿಂದ ಹದಿನೆಂಟು ವರುಷ ಮುಸುಕಿನೊಳಗೆ ನಿಂತಿತು. 2009ನೆಯ ಆಗಸ್ಟ್ ತಿಂಗಳಲ್ಲಿ ಎರಡು ರಾಜ್ಯಗಳ ಮುಖ್ಯಮಂತ್ರಿಗಳು ಕೂಡಿ ಇಲ್ಲಿ ಅದರ ಮುಸುಕನ್ನು ತೆಗೆದರು. ಅದೇ ವಾರದಲ್ಲಿ ಚೆನ್ನೈಯಲ್ಲಿ ಸರ್ವಜ್ಞನ ಪ್ರತಿಮೆಯನ್ನು ನಿಲ್ಲಿಸಿದರು. 2011 ಮುಗಿಯುವಷ್ಟರಲ್ಲಿ ಆ ಇಬ್ಬರೂ ಮುಖ್ಯಮಂತ್ರಿಗಳ ಪದವಿ ಹೋಗಿತ್ತು. ಕವಿಗಳಿಬ್ಬರೂ ತಮ್ಮ ತಮ್ಮ ಸ್ಥಳದಲ್ಲಿಯೇ ಇದ್ದಾರೆ.

2. ಪಂಪನು ತೋರಿಸಿದ ಬೆಟ್ಟ

ಹಲಗೆಯ ಮೇಲೆ ಒಂದು ಹೆಸರನ್ನು ಅಳಿಸಿ ಇನ್ನೊಂದನ್ನು ಬರೆಯುವ ಈ ಕೆಲಸವನ್ನು ಸಾವಿರ ವರುಷಗಳ ಹಿಂದೆಯೇ ನಮ್ಮ ಭಾಷೆಯ ಕವಿಯೊಬ್ಬನು ಕಂಡಿದ್ದನು. ಅವನು ಪಂಪನು. 941ನೆಯ ಇಸವಿಯ ಅವನ ಆದಿಪುರಾಣವೆಂಬ ಕಾವ್ಯವು ಜೈನಮತದ ಗ್ರಂಥ. ನಮ್ಮ ನಂಬಿಕೆಗೂ ಅದರ ಉಪದೇಶಕ್ಕೂ ಭೇದವುಂಟು. ಆದರೂ ಪೌಲನು ಅಥೇನೆಯಲ್ಲಿ ಆ ದೇಶದ ಕವಿಗಳ ಮಾತನ್ನು ಹಿಡಿದುಕೊಂಡೇ ಪ್ರಸಂಗಿಸಿದನಷ್ಟೆ. ಸತ್ಯವು ಯಾರ ಹೊಲದಲ್ಲಿ ಸಿಕ್ಕಿದರೂ ಅದು ದೇವರದೇ.

ಆ ಕಾವ್ಯದಲ್ಲಿ ಭರತನೆಂಬ ಚಕ್ರವರ್ತಿಯು ಭೂಮಿಯನ್ನೆಲ್ಲಾ ಗೆಲ್ಲುತ್ತಾನೆ. ಅವನ ಚಕ್ರವು ಮುಂದೆ ಉರುಳುವದು, ದಂಡು ಹಿಂದೆ ನಡೆಯುವದು, ಅರಸರು ಅಡ್ಡಬೀಳುವರು. ಇನ್ನು ಗೆಲ್ಲಲಿಕ್ಕೆ ಏನೂ ಉಳಿಯದಿರಲಾಗಿ ಅವನು ವೃಷಭಾಚಲವೆಂಬ ಬೆಟ್ಟಕ್ಕೆ ಹೋಗುತ್ತಾನೆ. ತನ್ನಂಥಾ ಜಯಶಾಲಿಯು ಹಿಂದೆ ಹುಟ್ಟಲಿಲ್ಲವೆಂದು ಆ ಬಂಡೆಯಲ್ಲಿ ಕೆತ್ತಿಸಬೇಕೆಂಬದು ಅವನ ಆಶೆ. ಹತ್ತಿರ ಹೋಗಿ ನೋಡಲು, ಬೆಟ್ಟದ ಮೈಯೆಲ್ಲಾ ಬರಹವೇ. ಅವನಿಗಿಂತ ಮುಂಚೆ ಲೋಕವನ್ನು ಗೆದ್ದವರು ಇದೇ ಯೋಚನೆಯಿಂದ ಬಂದು ಇದೇ ಮಾತನ್ನು ಇಲ್ಲಿ ಕೆತ್ತಿಸಿ ಹೋಗಿದ್ದರು. ಅವನ ಹೆಸರಿಗೆ ಎಡೆಯಿರಲಿಲ್ಲ. ಅವನ ಗರ್ವವು ಅಲ್ಲಿ ಇಳಿಯಿತು. ಆದರೂ ಅವನು ಬರಿಗೈಯಲ್ಲಿ ಹಿಂತಿರುಗಲಿಲ್ಲ. ಹಿಂದಿನವರಲ್ಲಿ ಒಬ್ಬನ ಬರಹವನ್ನು ಒರೆಸಿಸಿ ಆ ಜಾಗದಲ್ಲಿ ತನ್ನದನ್ನು ಬರೆಸಿದನು.

ಇಲ್ಲಿ ಕವಿಯ ಜಾಣತನವನ್ನು ನೋಡಿರಿ. ಅವನು ಅರಸನನ್ನು ಬೈಯುವದಿಲ್ಲ. ಅಧಿಕಾರವು ನೀರಿನ ಗುಳ್ಳೆಯೆಂದು ಪ್ರಸಂಗ ಮಾಡುವದಿಲ್ಲ. ಅರಸನನ್ನು ಬೆಟ್ಟದ ಬಳಿಗೆ ಕರೆದುಕೊಂಡು ಹೋಗಿ ನಿಲ್ಲಿಸುತ್ತಾನೆ, ಅಷ್ಟೇ. ತನ್ನ ಕೈಯಿಂದಲೇ ಇನ್ನೊಬ್ಬನ ಹೆಸರನ್ನು ಒರೆಸಿಸಿದವನಿಗೆ ತನ್ನ ಹೆಸರಿಗೆ ಮುಂದೆ ಏನಾಗುವದೆಂದು ಯಾರೂ ಹೇಳಬೇಕಾಗಿಲ್ಲ.

ಕಥೆಯು ಅಲ್ಲಿಗೆ ಮುಗಿಯುವದಿಲ್ಲ. ಲೋಕವನ್ನೆಲ್ಲಾ ಸುತ್ತಿಬಂದ ಚಕ್ರವು ಅವನ ಸ್ವಂತ ಊರಿನ ಬಾಗಿಲಲ್ಲಿ ನಿಂತುಬಿಡುತ್ತದೆ. ಯಾಕಂದರೆ ತಮ್ಮನಾದ ಬಾಹುಬಲಿಯು ಅವನಿಗೆ ತಲೆಬಾಗಿಸಿರಲಿಲ್ಲ. ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ ಎಂಬ ಮೂರರಲ್ಲಿಯೂ ತಮ್ಮನೇ ಗೆದ್ದನು. ಗೆದ್ದ ಗಳಿಗೆಯಲ್ಲಿಯೇ ಅಣ್ಣನಿಗಾದ ಅವಮಾನವನ್ನು ಕಂಡು, ಇಂಥಾ ರಾಜ್ಯವು ಯಾತಕ್ಕೆಂದು ಅದನ್ನು ಬಿಟ್ಟು ತಪಸ್ಸಿಗೆ ಹೊರಟನು. ಶ್ರವಣಬೆಳಗೊಳದಲ್ಲಿ ಐವತ್ತೇಳು ಅಡಿ ಎತ್ತರವಾಗಿ ನಿಂತಿರುವದು ರಾಜ್ಯವನ್ನು ಇಟ್ಟುಕೊಂಡ ಭರತನ ಪ್ರತಿಮೆಯಲ್ಲ, ಬಿಟ್ಟುಕೊಟ್ಟ ಬಾಹುಬಲಿಯದು.

3. ಹೊಗಳಿದ ಕವಿಯೂ ಮರುಗಿದ ಕವಿಯೂ

ಆದರೆ ಕವಿಗಳೆಲ್ಲರೂ ಅರಸರಿಗೆ ಸತ್ಯವನ್ನೇ ಹೇಳಿದರೆಂದು ನೆನಸಬಾರದು. ಅನೇಕರು ಅರಮನೆಯ ಅನ್ನವನ್ನು ಉಂಡವರು. ಪಂಪನೇ ತನ್ನ ಇನ್ನೊಂದು ಕಾವ್ಯದಲ್ಲಿ ತನ್ನ ಒಡೆಯನಾದ ಅರಿಕೇಸರಿಯನ್ನು ಅರ್ಜುನನಿಗೆ ಸಮಾನಮಾಡಿ ಹೊಗಳಿದನು. ಆ ಅರಿಕೇಸರಿಯ ಹೆಸರು ಈಗ ಓದುವವರ ಬಾಯಲ್ಲಿ ಬರುವದು ಹೆಚ್ಚಾಗಿ ಆ ಕವಿಯ ದೆಸೆಯಿಂದಲೇ.

ಪುಲಕೇಶಿನಗರಕ್ಕೆ ಹೆಸರು ಕೊಟ್ಟ ಇಮ್ಮಡಿ ಪುಲಕೇಶಿಯು ಬಾದಾಮಿಯ ಚಾಲುಕ್ಯರ ಅರಸನು. ಉತ್ತರದ ಹರ್ಷನನ್ನು ತಡೆದು ಹಿಂದಿರುಗಿಸಿದವನು. 634ನೆಯ ಇಸವಿಯಲ್ಲಿ ರವಿಕೀರ್ತಿಯೆಂಬ ಕವಿಯು ಐಹೊಳೆಯ ಮೇಗುತಿ ಗುಡಿಯ ಗೋಡೆಯಲ್ಲಿ ಆ ಜಯಗಳನ್ನೆಲ್ಲಾ ಸಂಸ್ಕೃತ ಪದ್ಯಗಳಾಗಿ ಕೆತ್ತಿಸಿದನು. ತನ್ನ ಕೀರ್ತಿಯನ್ನು ಕಾಳಿದಾಸ ಭಾರವಿಗಳ ಕೀರ್ತಿಗೆ ಸರಿಯಿಟ್ಟುಕೊಂಡನು. ಅದಾಗಿ ಎಂಟು ವರುಷಗಳ ಸುಮಾರಿಗೆ, 642ರಲ್ಲಿ, ಪಲ್ಲವರ ನರಸಿಂಹವರ್ಮನು ಬಾದಾಮಿಯನ್ನು ಹಿಡಿದನು; ಪುಲಕೇಶಿಯ ಆಳಿಕೆಯು ಅಲ್ಲಿಗೆ ಮುಗಿಯಿತು; ಗೆದ್ದವನ ಬರಹವು ಬಾದಾಮಿಯ ಬಂಡೆಯನ್ನೇರಿತು. ರವಿಕೀರ್ತಿಯು ಸುಳ್ಳು ಬರೆದನೆಂದು ನಾವು ಹೇಳುವದಿಲ್ಲ. ಅವನು ಮಧ್ಯಾಹ್ನವನ್ನು ಬರೆದನು, ಸಾಯಂಕಾಲವನ್ನು ಬರೆಯಲಿಲ್ಲ. ಹೊಗಳಿಕೆಯ ಕವಿತೆಯ ದೋಷವು ಇದೇ. ದೇಶದವರು ತಮ್ಮ ಬೀದಿಗೆ ತಮ್ಮ ಅರಸನ ಹೆಸರನ್ನು ಇಟ್ಟುಕೊಳ್ಳುವದು ನ್ಯಾಯವೇ ಸರಿ. ಆದರೆ ಫ್ರೇಜರನನ್ನು ಒರೆಸಿ ಪುಲಕೇಶಿಯನ್ನು ಬರೆದಾಗ, ಬಿದ್ದ ಅಧಿಕಾರದ ಜಾಗದಲ್ಲಿ ಇನ್ನೂ ಮುಂಚೆ ಬಿದ್ದ ಅಧಿಕಾರವನ್ನೇ ಬರೆದೆವೆಂಬದನ್ನು ಮರೆಯಬಾರದು. ವೃಷಭಾಚಲವು ದೂರದಲ್ಲಿಲ್ಲ.

ಇನ್ನೊಂದು ಬಗೆಯ ಕವಿಯೂ ಇದ್ದಾನೆ. ಹತ್ತನೆಯ ಶತಮಾನದ ಕೊನೆಯ ಭಾಗದಲ್ಲಿದ್ದ ರನ್ನನು ಗದಾಯುದ್ಧದಲ್ಲಿ ತನ್ನ ಒಡೆಯನನ್ನು ಭೀಮನಿಗೆ ಹೋಲಿಸಿ ಹೊಗಳಿದನು. ಹೀಗಿರಲಾಗಿ ದುರ್ಯೋಧನನು ಅವನಿಗೆ ಹಗೆಯಂತೆಯೇ ಕಾಣಬೇಕಾಗಿತ್ತು. ಆದರೆ ಆ ಕಾವ್ಯದಲ್ಲಿ ದುರ್ಯೋಧನನು ಸಂಜಯನ ಸಂಗಡ ರಣರಂಗದಲ್ಲಿ ಹೆಣಗಳ ನಡುವೆ ನಡೆಯುವ ಭಾಗವನ್ನು ಓದಿದರೆ ಎಂಥವರ ಮನಸ್ಸೂ ಕರಗುವದು. ನಿನ್ನೆ ಕೈಸನ್ನೆಗೆ ಸೇನೆಗಳನ್ನು ನಡಿಸಿದವನು ಇಂದು ಗುರುವಿನ ಹೆಣವನ್ನು, ತಮ್ಮನ ಹೆಣವನ್ನು, ಗೆಳೆಯನಾದ ಕರ್ಣನ ಹೆಣವನ್ನು ಗುರುತು ಹಿಡಿಯುತ್ತಾ ಹೋಗುತ್ತಾನೆ. ಹಗೆಯ ಮಗನಾದ ಅಭಿಮನ್ಯುವಿನ ಮುಂದೆ ನಿಂತು ಅವನ ಶೌರ್ಯವನ್ನು ಮೆಚ್ಚುತ್ತಾನೆ. ಸಿಂಹಾಸನದ ಮೇಲೆ ಕೂತಿದ್ದಾಗ ಕಾಣದಿದ್ದ ಸತ್ಯವು ಅದು ಹೋದ ಮೇಲೆ ಅವನಿಗೆ ಕಾಣುತ್ತದೆ.

ಪರದೇಶದ ಕವಿಗಳೂ ಇದನ್ನೇ ಕಂಡರು. ಕುಕ್ ಟೌನಿನಲ್ಲಿ ಮಿಲ್ಟನ್ ಬೀದಿಯುಂಟು. ಆ ಹೆಸರನ್ನು ಕೇಳುವಾಗ ನಮಗೆ ಕವಿ ಜಾನ್ ಮಿಲ್ಟನನು ನೆನಪಿಗೆ ಬರುತ್ತಾನೆ. ಅವನು ಅರಸನಿಲ್ಲದ ಇಂಗ್ಲೆಂಡಿನಲ್ಲಿ ಕ್ರಾಮ್ವೆಲನ ಸರಕಾರದ ಸೇವೆಮಾಡಿ, 1660ರಲ್ಲಿ ಅರಸನು ತಿರುಗಿ ಬಂದಾಗ ಸೆರೆಯನ್ನೂ ಕಂಡವನು. ಕುರುಡನಾಗಿ, ಪಕ್ಷವು ಸೋತವನಾಗಿ ಕೂತು ಹೇಳಿ ಬರೆಯಿಸಿದ ಅವನ ಮಹಾಕಾವ್ಯವು 1667ರಲ್ಲಿ ಹೊರಬಂತು. ದೇವರ ಕೆಳಗೆ ಇರಲೊಲ್ಲದೆ ಆಳಬೇಕೆಂದು ಎದ್ದ ಸೈತಾನನ ಬೀಳುವಿಕೆಯು ಅದರಲ್ಲಿದೆ. 1818ರಲ್ಲಿ ಶೆಲ್ಲಿಯೆಂಬ ಇನ್ನೊಬ್ಬ ಕವಿಯು ಐಗುಪ್ತದ ಫರೋಹನೊಬ್ಬನ ಮುರಿದ ಪ್ರತಿಮೆಯ ಕುರಿತು ಹದಿನಾಲ್ಕು ಸಾಲುಗಳನ್ನು ಪ್ರಕಟಿಸಿದನು. ಫರೋಹರು ಕಟ್ಟಿಸಿದ ಕಲ್ಲುಗಳ ಭಾರವನ್ನೆಲ್ಲಾ ಅಷ್ಟು ಸಾಲುಗಳು ಹೊತ್ತುಕೊಂಡವು.

4. ಸತ್ಯವೇದದ ಕವಿತೆಗಳು

ಸತ್ಯವೇದದಲ್ಲಿಯೂ ಈ ವಿಷಯವು ಬಹಳವಾಗಿ ಕವಿತೆಯ ರೂಪದಲ್ಲಿಯೇ ಬರುತ್ತದೆ. ಬಾಬೆಲಿನ ಅರಸನ ಕುರಿತು ಯೆಶಾಯನು 14ನೆಯ ಅಧ್ಯಾಯದಲ್ಲಿ ಹಾಡಿದ್ದು ಅಣಕದ ಹಾಡು: ಲೋಕವನ್ನು ನಡುಗಿಸಿದವನು ಪಾತಾಳಕ್ಕೆ ಇಳಿಯುವಾಗ ಮುಂಚೆ ಸತ್ತ ಅರಸರು ಎದ್ದು ಅವನನ್ನು ಎದುರುಗೊಳ್ಳುತ್ತಾರೆ. ಸೌಲನು ಸತ್ತಾಗ ದಾವೀದನು ಹಾಡಿದ್ದು ಅದಕ್ಕೆ ಬೇರೆಯಾದದ್ದು. ಸೌಲನು ಅವನನ್ನು ಬೆಟ್ಟಗುಹೆಗಳಲ್ಲಿ ಬೇಟೆಯಾಡಿದ್ದನು. ಅಣಕಿಸಲು ದಾವೀದನಿಗೆ ಕಾರಣವಿತ್ತು. ಆದರೆ ಅವನು ಶೋಕಗೀತವನ್ನು ಕಟ್ಟಿ, ಅದನ್ನು ಯೆಹೂದ್ಯರಿಗೆ ಕಲಿಸಬೇಕೆಂದು ಅಪ್ಪಣೆಮಾಡಿದನು. ದೀನರ ಮೇಲೆ ಕೂತ ಅಧಿಕಾರಕ್ಕೆ ದೇವರ ನ್ಯಾಯತೀರ್ಪನ್ನು ಸಾರುವದು ಪ್ರವಾದಿಯ ಕೆಲಸ. ಬಿದ್ದ ಮನುಷ್ಯನಿಗಾಗಿ ಅಳುವದು ನಮ್ಮೆಲ್ಲರ ಕೆಲಸ. ನಿಮ್ಮ ಊರಿನಲ್ಲಿ ಜಂಬಮಾಡಿದವನು ಚುನಾವಣೆಯಲ್ಲಿ ಸೋತರೆ ಅವನ ಮನೆಯ ಮುಂದೆ ಪಟಾಕಿ ಹಚ್ಚುವವರ ಗುಂಪಿನಲ್ಲಿ ನಾವು ನಿಲ್ಲಬಾರದು.

ನೆಬೂಕದ್ನೆಚ್ಚರನು ತನ್ನ ಅರಮನೆಯ ಮೇಲೆ ತಿರುಗಾಡುತ್ತಾ, ಈ ಪಟ್ಟಣವನ್ನು ಕಟ್ಟಿದವನು ನಾನೇ ಎಂದು ಕೊಚ್ಚಿಕೊಂಡದ್ದನ್ನು ದಾನಿಯೇಲನ ಗ್ರಂಥದಲ್ಲಿ ಓದುತ್ತೇವೆ. ಬಾಬೆಲಿನ ಹಾಳುದಿಬ್ಬಗಳನ್ನು ಅಗೆದವರಿಗೆ ಅವನ ಹೆಸರನ್ನು ಒತ್ತಿದ ಇಟ್ಟಿಗೆಗಳು ಸಾವಿರಾರು ಸಿಕ್ಕಿದವು. ನಮ್ಮ ಇಟ್ಟಿಗೆಗೂಡುಗಳಲ್ಲಿಯೂ ಒಡೆಯನ ಅಕ್ಷರವನ್ನು ಇಟ್ಟಿಗೆಯ ಮೇಲೆ ಒತ್ತುತ್ತಾರೆ. ಮಣ್ಣನ್ನು ತುಳಿದವನ ಹೆಸರು ಅದರಲ್ಲಿರುವದಿಲ್ಲ. ಬಾಬೆಲಿನಲ್ಲಿಯೂ ಹಾಗೆಯೇ. ಈಗ ಆ ಪಟ್ಟಣವು ಹಾಳಾಗಿದೆ, ಇಟ್ಟಿಗೆಗಳು ಮ್ಯೂಸಿಯಮುಗಳಲ್ಲಿವೆ.

ಮೋಶೆಯ ಪ್ರಾರ್ಥನೆಯೆಂದು ಹೆಸರುಳ್ಳ 90ನೆಯ ಕೀರ್ತನೆಯು ಮನುಷ್ಯನನ್ನು ಬೆಳಿಗ್ಗೆ ಚಿಗುರಿ ಸಂಜೆಗೆ ಬಾಡುವ ಹುಲ್ಲಿಗೆ ಹೋಲಿಸುತ್ತದೆ. ಆದರೆ ಅದು ಹುಲ್ಲಿನಿಂದ ಆರಂಭವಾಗುವದಿಲ್ಲ. ತಲತಲಾಂತರಕ್ಕೂ ನಿವಾಸವಾಗಿರುವ ದೇವರಿಂದ ಆರಂಭವಾಗುತ್ತದೆ. ಕೊನೆಗೆ ನಮ್ಮ ಕೈಕೆಲಸವನ್ನು ಸ್ಥಿರಪಡಿಸೆಂಬ ಬೇಡಿಕೆಯಲ್ಲಿ ಮುಗಿಯುತ್ತದೆ. ಇದನ್ನು ಗಮನಿಸಬೇಕು. ಪಂಪನ ಬಾಹುಬಲಿಯು, ರಾಜ್ಯವು ನಿಲ್ಲುವದಿಲ್ಲವಾದದರಿಂದ ಅದನ್ನು ಬಿಟ್ಟು ಕಾಡಿಗೆ ಹೋಗುತ್ತಾನೆ. ಮೋಶೆಯು, ದಿನಗಳು ಸ್ವಲ್ಪವಾದದರಿಂದ ಅವುಗಳನ್ನು ಎಣಿಸಿ ಕೆಲಸಮಾಡುವ ಬುದ್ಧಿಯನ್ನು ಕೇಳುತ್ತಾನೆ. ನಮ್ಮ ಕರ್ತನು ಅಧಿಕಾರವನ್ನು ಬಿಟ್ಟು ಓಡಿಹೋಗಲಿಲ್ಲ; ನಡುವಿಗೆ ಕೈಪಾವುಡವನ್ನು ಕಟ್ಟಿಕೊಂಡು ಶಿಷ್ಯರ ಕಾಲುಗಳನ್ನು ತೊಳೆದನು.

ಆತನಿಗೆ ತೀರ್ಪುಕೊಟ್ಟ ಪಿಲಾತನನ್ನು ನೋಡಿರಿ. ಅವನ ಹೆಸರುಳ್ಳ ಒಂದು ಕಲ್ಲು 1961ರಲ್ಲಿ ಕೈಸರೈಯದಲ್ಲಿ ಸಿಕ್ಕಿತು. ಆ ಬರಹದಲ್ಲಿ ಅರ್ಧವು ಒಡೆದುಹೋಗಿತ್ತು. ಆದರೆ ರೋಮಾಯರ ಆ ಅಧಿಪತಿಯ ಹೆಸರನ್ನು ನಮ್ಮ ಹಳ್ಳಿಯ ಅಕ್ಷರ ಬಾರದ ಅಜ್ಜಿಯೂ ವಿಶ್ವಾಸಪ್ರಮಾಣದಲ್ಲಿ ಹೇಳುತ್ತಾಳೆ. ಹೇಳುವದು ಅವನ ಮಹಿಮೆಗಾಗಿ ಅಲ್ಲ. ಅವನ ಮುಂದೆ ಕಟ್ಟಲ್ಪಟ್ಟು ನಿಂತಿದ್ದವನ ದೆಸೆಯಿಂದ.

5. ಈ ಸತ್ಯವನ್ನು ಯಾರಿಗೆ ಹೇಳಬೇಕು?

ಇಲ್ಲಿ ಒಂದು ಎಚ್ಚರಿಕೆಯು ಬೇಕು. ಎಲ್ಲವೂ ನಶ್ವರವೆಂಬ ಮಾತನ್ನು ಗದ್ದುಗೆಯ ಮೇಲಿರುವವನಿಗೆ ಹೇಳಿದರೆ ಅದು ಪ್ರವಾದನೆ. ಅದನ್ನೇ ಕಾಲ್ಕೆಳಗಿರುವವನಿಗೆ ಹೇಳಿದರೆ ಅದು ಬೀಗ. ಕೂಲಿ ಕೇಳಲು ಬಂದ ಆಳಿಗೆ, ಸಂಪತ್ತು ಹುಲ್ಲಿನಂತೆ ಒಣಗುವದೆಂದು ಧಣಿಯು ಬುದ್ಧಿಹೇಳುವದುಂಟು. ಅವನು ತನ್ನ ಕಣಜವನ್ನು ಮಾತ್ರ ಒಣಗಗೊಡಿಸುವದಿಲ್ಲ. ಮರಿಯಳ ಹಾಡು ಹಾಗೆ ಹೇಳುವದಿಲ್ಲ. ಬಲಿಷ್ಠರು ಇಳಿಯುವರೆಂದು ಮಾತ್ರವಲ್ಲ, ದೀನರು ಏಳುವರೆಂದೂ ಹಸಿದವರು ತೃಪ್ತರಾಗುವರೆಂದೂ ಅವಳು ಹಾಡಿದಳು.

ನಮ್ಮ ತಾತಂದಿರ ಕಾಲದಲ್ಲಿ ಪಟೇಲ ಶಾನುಭೋಗರ ವಂಶಪಾರಂಪರ್ಯದ ಅಧಿಕಾರವು ಬೆಟ್ಟದಂತೆ ಕಂಡಿತ್ತು. 1961ರ ಕಾನೂನು ಆ ಪದವಿಗಳನ್ನು ತೆಗೆದುಹಾಕಿತು. 1974ರ ಭೂಸುಧಾರಣೆಯ ಕಾನೂನಿನಿಂದ ಅನೇಕ ಗೇಣಿದಾರರು ಉತ್ತ ಹೊಲಕ್ಕೆ ಒಡೆಯರಾದರು. ಇವು ತಾವಾಗಿ ಒಣಗಿದ ಹುಲ್ಲಲ್ಲ. ಕೇಳಿದವರಿದ್ದರು, ಅರ್ಜಿ ಬರೆದವರಿದ್ದರು, ಸೆರೆಗೆ ಹೋದವರಿದ್ದರು. ಅಧಿಕಾರವು ಶಾಶ್ವತವಲ್ಲವೆಂದು ನಂಬುವವನೇ ಅದರ ಮುಂದೆ ಭಯವಿಲ್ಲದೆ ನಿಂತು ನ್ಯಾಯವನ್ನು ಕೇಳಬಲ್ಲನು. ಕವಿತೆಯಿಂದ ಬಡವನಿಗೆ ಬರುವ ಲಾಭವು ಇದೇ: ಅದು ಗದ್ದುಗೆಯ ನಿಜವಾದ ಎತ್ತರವನ್ನು ಅಳೆದು ಅವನಿಗೆ ತೋರಿಸುತ್ತದೆ.

ಈಗ ಈ ಅಳತೆಗೋಲನ್ನು ನಮ್ಮ ಕಡೆಗೆ ತಿರುಗಿಸಿಕೊಳ್ಳೋಣ. ಒಂದು ಕಾಲದಲ್ಲಿ ಮಿಷನ್ ಬಂಗಲೆಯ ಮಾತೇ ನಮ್ಮ ಸಭೆಗಳಲ್ಲಿ ಕಾನೂನಾಗಿತ್ತು. 1947ನೆಯ ಸೆಪ್ಟೆಂಬರ್ 27ರಂದು ದಕ್ಷಿಣ ಇಂಡಿಯಾ ಸಭೆಯು ಹುಟ್ಟಿದ ಮೇಲೆ ಆ ಅಧಿಕಾರವು ಮೆಲ್ಲಮೆಲ್ಲನೆ ನಮ್ಮವರ ಕೈಗೆ ಬಂತು. ದೊರೆಗಳು ಹೋದರು, ದೊರೆತನವು ಹೋಯಿತೋ? ಬಾಸೆಲ್ ಮಿಷನಿನ ಕಿಟ್ಟೆಲ್ ಪಂಡಿತರನ್ನು ಕನ್ನಡಿಗರು ನೆನಸುವದು ಅವರು ನಡಿಸಿದ ಅಧಿಕಾರಕ್ಕಾಗಿ ಅಲ್ಲ, 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ನಿಘಂಟಿಗಾಗಿ. ಅಧಿಕಾರವನ್ನು ಬಳಸಿದವರಿಗಿಂತ ಜನರ ಮಾತನ್ನು ಕಲಿತು ಕೂಡಿಸಿಟ್ಟವರು ಹತ್ತಿರದವರಾಗಿ ಉಳಿದರು.

ನಾವು ಸೇವೆಮಾಡಿದ ಒಂದು ಸಭೆಯ ಸಂಗತಿಯನ್ನು ಲಜ್ಜೆಯಿಂದ ಹೇಳುತ್ತೇವೆ. ಹಳೇ ಗುಡಿಯನ್ನು ದುರಸ್ತಿಮಾಡಿ, ಬಾಗಿಲಿನ ಪಕ್ಕದಲ್ಲಿ ಹೆಸರಿನ ಕಲ್ಲನ್ನು ಕೂಡಿಸಬೇಕೆಂದು ಗೊತ್ತುಮಾಡಿದರು. ಯಾರ ಹೆಸರು ಮೇಲೆ, ಯಾರದು ಕೆಳಗೆ ಎಂಬದರಲ್ಲಿ ಹಿರಿಯರಿಗೆ ವಾದವಾಯಿತು. ಎರಡು ಮನೆಯವರು ಅನೇಕ ತಿಂಗಳುಗಳ ವರೆಗೆ ಕರ್ತನ ಭೋಜನಕ್ಕೆ ಬರಲಿಲ್ಲ. ಅವರನ್ನು ಒಂದುಮಾಡಬೇಕಾದ ನಾವು ಸಮಾಧಾನದ ಮಾತುಗಳನ್ನಾಡಿದೆವು. ಆದರೆ ನಮ್ಮ ಹೆಸರು ಕಲ್ಲಿನ ಕಟ್ಟಕಡೆಯಲ್ಲಿ ಬಂದದ್ದಕ್ಕೆ ಒಳಗೊಳಗೆ ನೊಂದುಕೊಂಡಿದ್ದೆವು. ಆದಕಾರಣ ನಮ್ಮ ಮಾತಿಗೆ ಬಲವಿರಲಿಲ್ಲ. ಕೆಲವು ವರುಷಗಳ ಮೇಲೆ ಆ ಊರಿಗೆ ಹೋಗಿದ್ದಾಗ ನೋಡಿದೆವು: ಪ್ರತಿ ಕ್ರಿಸ್ಮಸ್ ಹಬ್ಬಕ್ಕೆ ಗೋಡೆಗೆ ಸುಣ್ಣ ಬಳಿಯುವವನು ಕಲ್ಲಿನ ಮೇಲೆಯೂ ಕುಂಚವನ್ನು ಎಳೆದಿದ್ದನು. ಅಕ್ಷರಗಳೆಲ್ಲಾ ಸುಣ್ಣದಿಂದ ತುಂಬಿದ್ದವು. ಮೇಲಿನ ಹೆಸರೂ ಕಾಣಲಿಲ್ಲ, ಕೆಳಗಿನ ಹೆಸರೂ ಕಾಣಲಿಲ್ಲ. ಒಳಗೆ ಒಂದು ಹುಡುಗಿಯು ಕೀರ್ತನೆಯನ್ನು ಓದುತ್ತಿದ್ದಳು.

ಪಂಚಾಯತಿಯ ಪದವಿಗೆ ಐದು ವರುಷ. ಸಭೆಯ ಹಿರಿತನಕ್ಕೂ ಒಂದು ಅವಧಿಯುಂಟು. ಮನೆಯಲ್ಲಿ ಹೆಂಡತಿ ಮಕ್ಕಳ ಮೇಲೆ ಎತ್ತುವ ಕೈಗೂ ಮುಪ್ಪು ಬರುವದು. ಪದವಿಯು ಕೈಯಲ್ಲಿರುವ ವರೆಗೆ ಅದರಿಂದ ಒಂದು ಬಾವಿಯನ್ನೋ, ಒಂದು ದಾರಿಯನ್ನೋ, ವಿಧವೆಗೆ ಸಲ್ಲತಕ್ಕ ಒಂದು ಪಿಂಚಣಿಯನ್ನೋ ಮಾಡಿಸಿಕೊಡಿರಿ. ಹೆಸರನ್ನು ಕೆತ್ತುವ ಚಿಂತೆಯನ್ನು ಬಿಡಿರಿ. ನಮ್ಮ ಹೆಸರುಗಳು ಬರೆದಿರುವ ಪುಸ್ತಕವು ಬೇರೆ ಉಂಟು. ಅದರಲ್ಲಿ ಒಬ್ಬನ ಹೆಸರನ್ನು ಬರೆಯಲಿಕ್ಕೆ ಇನ್ನೊಬ್ಬನ ಹೆಸರನ್ನು ಒರೆಸಬೇಕಾಗಿಲ್ಲ.

ಕೂಟದಲ್ಲಿ ವಿಚಾರಿಸತಕ್ಕ ಪ್ರಶ್ನೆಗಳು

1. ಭರತನು ಬೆಟ್ಟದಲ್ಲಿ ಏನನ್ನು ಕಂಡನು? ಕಂಡ ಮೇಲೆಯೂ ಅವನು ಒಬ್ಬನ ಹೆಸರನ್ನು ಒರೆಸಿಸಿದ್ದು ಯಾಕೆ?
2. ಯೆಶಾಯ 14ನೆಯ ಅಧ್ಯಾಯದ ಹಾಡಿಗೂ ದಾವೀದನ ಶೋಕಗೀತಕ್ಕೂ ಭೇದವೇನು? ಯಾವ ಸಮಯದಲ್ಲಿ ಯಾವದು ತಕ್ಕದ್ದು?
3. ನಿಮ್ಮ ಊರಿನಲ್ಲಿ ಹಿಂದೆ ಬೆಟ್ಟದಂತೆ ಕಂಡು ಈಗ ಇಲ್ಲದೆ ಹೋದ ಅಧಿಕಾರವು ಯಾವದು? ಅದು ಹೇಗೆ ಹೋಯಿತು?
4. ನಿಮ್ಮ ಕೈಯಲ್ಲಿ ಈಗಿರುವ ಅಧಿಕಾರವು ಯಾವದು? ಅದರಿಂದ ಯಾರ ಕಾಲುಗಳನ್ನು ತೊಳೆದಿದ್ದೀರಿ?

ಪ್ರಾರ್ಥನೆ

ಆದಿಯೂ ಅಂತ್ಯವೂ ಇಲ್ಲದ ಕರ್ತನೇ, ನಾವು ಕಟ್ಟಿದ್ದಕ್ಕೆ ನಮ್ಮ ಹೆಸರನ್ನು ಇಟ್ಟುಕೊಳ್ಳುವ ಆಶೆಯನ್ನು ನಮ್ಮಿಂದ ತೆಗೆದುಬಿಡು. ನಮ್ಮನ್ನು ಆಳುವವರಿಗೆ ತಮ್ಮ ದಿನಗಳ ಎಣಿಕೆಯನ್ನು ಕಲಿಸು, ನಮಗೂ ಕಲಿಸು. ಬಿದ್ದವರನ್ನು ನೋಡಿ ನಗದಂತೆಯೂ, ತುಳಿಯುವವರ ಮುಂದೆ ಹೆದರದಂತೆಯೂ ನಮ್ಮನ್ನು ಕಾಪಾಡು. ಆಮೆನ್.